ಇಲ್ಲ ಎನ್ನದ ಬಾಗಿಲು

ಪೂರ್ತಿ ಕೆಟ್ಟ ಯಂತ್ರದ ಬಗ್ಗೆ ನನಗೆ ದೂರಿಲ್ಲ. ಅದನ್ನು ರಿಪೇರಿಗೆ ಕೊಟ್ಟು ಕೈತೊಳೆದುಕೊಳ್ಳಬಹುದು. ಅರ್ಧ ಕೆಟ್ಟ ಯಂತ್ರ ಮಾತ್ರ ಮುನಿಸಿಕೊಂಡ ಅಳಿಯನ ಹಾಗೆ. ಊಟಕ್ಕೆ ಬಂದು ಕೂರುತ್ತದೆ, ಮಾತಾಡುವುದಿಲ್ಲ.

2007ರ ಮಳೆಗಾಲದಲ್ಲಿ ನಮ್ಮ ಕಾಲೇಜಿನ ಕಂಪ್ಯೂಟರುಗಳಿಗೆ ಬಂದದ್ದು ಇಂಥದೇ ರೋಗ. ಮಲೆನಾಡಿನ ಒಂದು ಸಣ್ಣ ಊರಿನಲ್ಲಿ ನಾನಾಗ ಭೌತಶಾಸ್ತ್ರದ ಮೇಷ್ಟರು. ಆ ಪಾಠ ಹೇಳುವವನಿಗೆ ಫ್ಯೂಸು, ಪಂಪುಸೆಟ್ಟು, ಕಂಪ್ಯೂಟರು ಎಲ್ಲವೂ ಗೊತ್ತಿರುತ್ತದೆ ಎಂದು ನಂಬಿ, ಹನ್ನೆರಡು ಕಂಪ್ಯೂಟರುಗಳ ಕೋಣೆಯ ಕೀಲಿಕೈಯನ್ನು ನನ್ನ ಜೇಬಿಗೆ ಹಾಕಿದ್ದರು. ರಜೆ ಮುಗಿದು ಕಾಲೇಜು ಆಗಷ್ಟೇ ತೆರೆದಿತ್ತು. ವೃತ್ತಪತ್ರಿಕೆಯ ಪುಟ ತೆರೆಯುತ್ತಿತ್ತು, ಕ್ರಿಕೆಟ್ ಸ್ಕೋರು ತೆರೆಯುತ್ತಿತ್ತು. ಆದರೆ ವಿಳಾಸದ ಮೊದಲಿಗೆ ಬರುವ ಎಚ್‌ಟಿಟಿಪಿಗೆ ಬಾಲದಂತೆ ಒಂದು ಎಸ್ ಅಂಟಿಕೊಂಡಿದ್ದರೆ ಸಾಕು, ಬ್ರೌಸರು ಕಲ್ಲಾಗುತ್ತಿತ್ತು. ಕಿಟಕಿ ಬೆಳ್ಳಗಾಗಿ, ಪರದೆಯ ಮೇಲೆ ಮರಳುಗಡಿಯಾರ ಮೂಡಿ, ಜಪ್ಪಯ್ಯ ಎಂದರೂ ಕದಲುತ್ತಿರಲಿಲ್ಲ.

ಆ ಬುಧವಾರ ನಮ್ಮ ಅಟೆಂಡರ್ ಒಂದು ಚೀಟಿ ಹಿಡಿದು ಬಂದರು. ಮಗಳು ಬಿ.ಕಾಂ. ಮುಗಿಸಿದ್ದಳು. ಒಂದು ಕೆಲಸಕ್ಕೆ ಅರ್ಜಿ ಕರೆದಿದ್ದಾರೆ, ಅಂತರಜಾಲದಲ್ಲೇ ತುಂಬಬೇಕಂತೆ, ಶನಿವಾರ ಸಂಜೆ ಐದಕ್ಕೆ ಕೊನೆ. ಪುಟ ತೆರೆಯಲು ನೋಡಿದೆ. ಅದು ಎಸ್ ಇರುವ ವಿಳಾಸ, ಕಲ್ಲಾಯಿತು.

“ನೋಡೋಣ ಮಾರಾಯ್ರೇ, ನಾಳೆ ಆಗ್ತದೆ” ಎಂದೆ.

ಗುರುವಾರ, ಶುಕ್ರವಾರ ನಾನು ಮಾಡಿದ ಚಿಕಿತ್ಸೆಗಳಿಗೆ ಲೆಕ್ಕವಿಲ್ಲ. ಬ್ರೌಸರನ್ನು ತೆಗೆದು ಹೊಸದಾಗಿ ಹಾಕಿದೆ. ಅದು ಕೂಡಿಟ್ಟುಕೊಂಡ ಹಳೆಯ ಪುಟಗಳನ್ನೆಲ್ಲ ಅಳಿಸಿದೆ. ವೈರಸ್ ಹುಡುಕಿದೆ. ಗಡಿಯಾರವನ್ನೂ ನೋಡಿದೆ. ಇಂಥ ತಾಣಗಳು ತಮ್ಮ ಗುರುತಿಗೆ ಒಂದು ಪ್ರಮಾಣಪತ್ರ ತೋರಿಸುತ್ತವೆ, ಅದಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ಒಳಗಿನ ಬ್ಯಾಟರಿ ಸತ್ತು ಗಡಿಯಾರ ಹಿಂದಿನ ವರ್ಷಗಳಿಗೆ ಹೋಗಿಬಿಟ್ಟಿದ್ದರೆ ಬ್ರೌಸರು ಆ ಪತ್ರವನ್ನು ಒಪ್ಪುವುದಿಲ್ಲ. ಆದರೆ ಹಾಗಾದಾಗ ಅದು ಜಗಳ ತೆಗೆಯುತ್ತದೆಯೇ ಹೊರತು ಮೂಕವಾಗುವುದಿಲ್ಲ. ಪ್ರತಿ ಸಲವೂ ಅರ್ಧ ನಿಮಿಷ ನೋಡಿ, ಮೂರು ಕೀಲಿ ಒಟ್ಟಿಗೆ ಒತ್ತಿ, ಬ್ರೌಸರನ್ನು ಕೊಂದು ಮತ್ತೆ ಎಬ್ಬಿಸುತ್ತಿದ್ದೆ. ಸಂಜೆ ಅಟೆಂಡರ್ ಬಂದು ಬಾಗಿಲಲ್ಲಿ ನಿಂತು, “ಏನಾದ್ರೂ ಆಯ್ತಾ ಸಾರ್?” ಎನ್ನುತ್ತಿದ್ದರು. ನಾನು “ನೋಡೋಣ” ಎನ್ನುತ್ತಿದ್ದೆ.

ಶನಿವಾರ ಬೆಳಿಗ್ಗೆ ಪುಟ ಎಂದಿನಂತೆ ಕಲ್ಲಾಗಿ ನಿಂತ ಹೊತ್ತಿಗೆ ಪ್ರಿನ್ಸಿಪಾಲರಿಂದ ಕರೆ ಬಂತು. ಕೊಲ್ಲಲು ಪುರಸೊತ್ತಾಗದೆ ಹಾಗೇ ಬಿಟ್ಟು ಹೋದೆ. ಹತ್ತು ನಿಮಿಷ ಬಿಟ್ಟು ಬಂದರೆ ಬ್ರೌಸರು ಜೀವಂತವಾಗಿತ್ತು! ಆ ಕಡೆಯವರು ಬಹಳ ಹೊತ್ತಾದರೂ ಉತ್ತರಿಸಲಿಲ್ಲ ಎಂದು ಪುಟದ ಮೇಲೆ ಬರೆದುಕೊಂಡು ಕೂತಿತ್ತು. ಎರಡು ದಿನದಿಂದ ಅದು ಹೇಳಬೇಕೆಂದಿದ್ದ ಮಾತು ಇದೇ. ಹೇಳುವ ಮೊದಲೇ ನಾನು ಅದರ ಕುತ್ತಿಗೆ ಹಿಚುಕುತ್ತಿದ್ದೆ.

ಉತ್ತರಿಸಬೇಕಾದವರು ಯಾರು? ನಮ್ಮ ಕಂಪ್ಯೂಟರುಗಳು ನೇರವಾಗಿ ಹೊರಜಗತ್ತಿಗೆ ಹೋಗುತ್ತಿರಲಿಲ್ಲ. ನಡುವೆ ಪ್ರಾಕ್ಸಿ ಎಂಬ ಇನ್ನೊಂದು ಕಂಪ್ಯೂಟರು, ಹಾಸ್ಟೆಲಿನ ವಾರ್ಡನ್ನಿನಂತೆ. ಸಾದಾ ಪುಟಗಳು ಪೋಸ್ಟ್ ಕಾರ್ಡು. ವಾರ್ಡನ್ ಓದಿಯೇ ರವಾನಿಸುತ್ತಾರೆ. ಎಸ್ ಇರುವ ಪುಟಗಳು ಅಂಟಿಸಿದ ಲಕೋಟೆ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯವರು ತಂದ ಈ ಲಕೋಟೆಯನ್ನು ನಡುವಿನವರು ಬಿಚ್ಚಿ ಓದುವಂತಿಲ್ಲ. ಅದಕ್ಕೆ ಬ್ರೌಸರು ‘ಕನೆಕ್ಟ್’ ಎಂಬ ಬೇರೆ ಮಾತಿನಲ್ಲಿ, ಇಂಥ ತಾಣದ 443ನೇ ಬಾಗಿಲಿಗೆ ದಾರಿ ಬಿಡಿಸಿಕೊಡು ಎಂದು ಕೇಳಿಕೊಳ್ಳುತ್ತದೆ. ಪ್ರಾಕ್ಸಿ ದಾರಿ ಬಿಡಿಸಿ, ಒಳಗೇನಿದೆ ಎಂದು ನೋಡದೆ ದಾಟಿಸುತ್ತದೆ.

ಆಗ ನನಗೆ ಬ್ರೌಸರಿನ ಹೊಂದಾಣಿಕೆಯ ಪಟ್ಟಿ ನೆನಪಾಯಿತು. ಅಲ್ಲಿ ಸಾದಾ ಪುಟಗಳಿಗೊಂದು ಸಾಲು, ಸುರಕ್ಷಿತ ಪುಟಗಳಿಗೊಂದು ಸಾಲು. ಪ್ರತಿಯೊಂದರಲ್ಲೂ ಪ್ರಾಕ್ಸಿಯ ವಿಳಾಸ ಬರೆಯಬೇಕು. ತೆರೆದು ನೋಡಿದೆ. ಮೊದಲ ಸಾಲಿನಲ್ಲಿ ಹೊಸ ಪ್ರಾಕ್ಸಿಯ ವಿಳಾಸ. ಎರಡನೆಯದರಲ್ಲಿ ಹಳೆಯದರದ್ದು. ಆ ಹಳೆಯ ಕಂಪ್ಯೂಟರು ರಜೆಯಲ್ಲೇ ನಿವೃತ್ತಿಯಾಗಿ ನನ್ನ ಮೇಜಿನ ಕೆಳಗೆ ಗೋಣಿಚೀಲ ಹೊದ್ದು ಮಲಗಿತ್ತು. ಲಕೋಟೆಗಳೆಲ್ಲ ಅದರ ಹೆಸರಿಗೆ ಹೋಗುತ್ತಿದ್ದವು.

ವಿಳಾಸ ಬದಲಾಯಿಸಿದವರು ಯಾರು ಎಂದು ಓದುಗರು ಕೇಳಬೇಕಾಗಿಲ್ಲ. ರಜೆಯಲ್ಲಿ ಹನ್ನೆರಡು ಕಂಪ್ಯೂಟರುಗಳ ಮುಂದೆ ಕೂತು ಮೊದಲ ಸಾಲನ್ನು ಮಾತ್ರ ತಿದ್ದಿ, ಒಂದು ವೃತ್ತಪತ್ರಿಕೆಯ ಪುಟ ತೆರೆದು ನೋಡಿ, ಎಲ್ಲ ಸರಿಯಾಯಿತೆಂದು ಎದ್ದು ಬಂದವನು ನಾನೇ.

ಎಲ್ಲಕ್ಕೂ ಒಂದೇ ವಿಳಾಸ ಎಂಬಲ್ಲಿ ಗುರುತು ಹಾಕಿದೆ. ಪುಟ ಥಟ್ಟನೆ ತೆರೆಯಿತು, ಮೂಲೆಯಲ್ಲಿ ಪುಟ್ಟ ಬೀಗದ ಚಿತ್ರ ಮೂಡಿತು. ಅಟೆಂಡರ್ ಮಗಳನ್ನು ಕರೆಸಿದರು. ಅಂಕಪಟ್ಟಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು, ಅರ್ಧ ನೆನೆದುಕೊಂಡು ಬಂದ ಹುಡುಗಿ ಅರ್ಜಿ ತುಂಬಿ ಕಳಿಸುವಾಗ ಮೂರೂವರೆ ಗಂಟೆ. ನಾನು ಗೆದ್ದವನಂತೆ ಕೂತಿದ್ದೆ.

ಹೊರಡುವಾಗ ಅಟೆಂಡರ್ ಕೊಡೆ ಬಿಡಿಸುತ್ತ, “ಬುಧವಾರವೇ ಆಗಲ್ಲ ಅಂದಿದ್ರೆ ಪೇಟೆಯ ಸೈಬರ್ ಕೆಫೆಗೆ ಹೋಗಿ ಬರ್ತಿದ್ದೆ ಸಾರ್. ನೀವು ನೋಡೋಣ ಅಂದ್ರಲ್ಲ, ಅದಕ್ಕೇ ಕಾದೆ” ಎಂದರು. ದೂರುವ ಧ್ವನಿಯಲ್ಲ. ಬಸ್ಸು ತಡವಾಯಿತು ಎನ್ನುವ ಹಾಗೆ ಹೇಳಿದರು.

ಅಂದು ರಾತ್ರಿ ನಿದ್ರೆ ಬರಲಿಲ್ಲ. ಕಂಪ್ಯೂಟರುಗಳಲ್ಲಿ ಒಂದು ರೀತಿಯಿದೆ. ಮನೆಯಲ್ಲಿ ಜನರಿದ್ದು ಬಾಗಿಲು ಮುಚ್ಚಿದ್ದರೆ, ತಟ್ಟಿದವನಿಗೆ ‘ಇಲ್ಲ’ ಎಂಬ ಉತ್ತರ ಕ್ಷಣದಲ್ಲಿ ಬರುತ್ತದೆ. ಅವನು ಬೇರೆ ಕಡೆ ಹೋಗಬಹುದು. ಮನೆಯೇ ಖಾಲಿಯಿದ್ದರೆ ಉತ್ತರವಿಲ್ಲ. ನಮ್ಮಲ್ಲಿದ್ದ ಆಗಿನ ವಿಂಡೋಸ್ ಒಮ್ಮೆ ತಟ್ಟಿ 3 ಸೆಕೆಂಡು ಕಾಯುತ್ತಿತ್ತು, ಮತ್ತೆ ತಟ್ಟಿ 6, ಮತ್ತೆ ತಟ್ಟಿ 12. ಇಪ್ಪತ್ತೊಂದು ಸೆಕೆಂಡು ಕಳೆದ ಮೇಲೇ ಅದು ಆಸೆ ಬಿಡುತ್ತಿದ್ದದ್ದು. ಬ್ರೌಸರು ಸುಲಭಕ್ಕೆ ಬಿಡದೆ ಮತ್ತೆ ಮೊದಲಿಂದ ತಟ್ಟಿಸುತ್ತಿತ್ತು. ನಾನು ಸತ್ತಿದೆ ಎಂದುಕೊಂಡದ್ದು ಕಾಯುತ್ತಿತ್ತು, ಅಷ್ಟೆ. ಬುಧವಾರ, ಗುರುವಾರ, ಶುಕ್ರವಾರ ನನ್ನ ಬಾಗಿಲಿಗೆ ಬಂದು ನಿಂತವರೂ ಹಾಗೇ ಕಾಯುತ್ತಿದ್ದರು. ದೊಡ್ಡತನ ಕಳೆದುಕೊಳ್ಳಲಾರದೆ ‘ನೋಡೋಣ’ ಎಂದ ನಾನು ಅವರ ಪಾಲಿಗೆ ಆ ಖಾಲಿ ವಿಳಾಸವಾಗಿದ್ದೆ.

ಆ ಕೆಲಸ ಹುಡುಗಿಗೆ ಸಿಗಲಿಲ್ಲ. ದೀಪಾವಳಿಯ ಹೊತ್ತಿಗೆ ವಿಷಾದದ ಕಾಗದ ಬಂತು. ಅದನ್ನು ತಂದು ತೋರಿಸಿದ ಅಟೆಂಡರ್, “ಇಲ್ಲ ಅಂತಾದ್ರೂ ಬರೆದ್ರಲ್ಲ ಸಾರ್. ಇನ್ನು ಬೇರೆ ಕಡೆ ಹಾಕ್ತಾಳೆ” ಎಂದರು. ಹಾಕಿದಳು. ಮುಂದಿನ ವರ್ಷ ಬೇರೊಂದು ಕಡೆ ಸೇರಿದಳು.

ಈಗ ಬಹುಪಾಲು ಪುಟಗಳಿಗೆ ಆ ಎಸ್ ಅಂಟಿಕೊಂಡಿದೆ. ಇಂದು ಅದೇ ತಪ್ಪು ಮಾಡಿದ್ದರೆ ವೃತ್ತಪತ್ರಿಕೆಯ ಪುಟವೇ ತೆರೆಯದೆ ಐದು ನಿಮಿಷದಲ್ಲಿ ಸಿಕ್ಕಿಬೀಳುತ್ತಿದ್ದೆ. ಆದರೆ ‘ನೋಡೋಣ’ ಎಂಬುದನ್ನು ಹಿಡಿಯುವ ಯಂತ್ರ ಬಂದಿಲ್ಲ. ನನ್ನ ಕೈಲಾಗದ್ದಕ್ಕೆ ನಾನೀಗ ಬಾಗಿಲಲ್ಲೇ “ಆಗಲ್ಲ” ಎಂದುಬಿಡುತ್ತೇನೆ. ವಯಸ್ಸಾದ ಮೇಲೆ ಮೇಷ್ಟರು ಸ್ವಲ್ಪ ಒರಟಾದರು ಎಂದು ಊರಲ್ಲಿ ಮಾತಿದೆ. ಇರಲಿ.