ರಾಯರು ಓದುತ್ತಿದ್ದ ದೂರುಗಳು

ತಂಗಿಯ ಮಗ ಒಂದು ಆಪ್ ಕಂಪನಿ ಸೇರಿದ್ದಾನೆ. ಬಳಕೆದಾರರ ಫೀಡ್‌ಬ್ಯಾಕ್ ನೋಡಿಕೊಳ್ಳುವ ವಿಭಾಗವಂತೆ. ಮೊನ್ನೆ ಊಟಕ್ಕೆ ಬಂದವನು, "ಮಾಮ, ನೀವೂ ಹಿಂದೆ ಇದೇ ಕೆಲಸ ಮಾಡ್ತಿದ್ರಂತಲ್ಲ? ಆಗ ನಿಮ್ಮ ಸೈಟಿನ ಎನ್‌ಪಿಎಸ್ ಎಷ್ಟಿತ್ತು?" ಅಂದ.

ಎನ್‌ಪಿಎಸ್ ಅಂದರೆ, ಈ ಸೇವೆಯನ್ನು ಗೆಳೆಯರಿಗೆ ಶಿಫಾರಸು ಮಾಡುತ್ತೀರಾ ಎಂದು ಕೇಳಿ ಸೊನ್ನೆಯಿಂದ ಹತ್ತರವರೆಗೆ ಅಂಕ ಹಾಕಿಸಿಕೊಳ್ಳುವುದು. ಒಂಬತ್ತು, ಹತ್ತು ಕೊಟ್ಟವರ ಶೇಕಡಾವಾರಿನಿಂದ ಆರು ಮತ್ತು ಅದಕ್ಕಿಂತ ಕಡಿಮೆ ಕೊಟ್ಟವರ ಶೇಕಡಾವಾರನ್ನು ಕಳೆದರೆ ಉಳಿಯುವ ಸಂಖ್ಯೆ. ಫ್ರೆಡ್ ರೈಕ್‌ಹೆಲ್ಡ್ ಇದನ್ನು ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬರೆದದ್ದು 2003ರಲ್ಲಿ. ಜಯನಗರದ ಒಂದು ಮನೆಯ ಮಹಡಿಯಲ್ಲಿ ಕನ್ನಡ ಜಾಲತಾಣ ನಡೆಸುತ್ತಿದ್ದ ನಮಗೆ ಆ ಸುದ್ದಿ ಮುಟ್ಟಿರಲಿಲ್ಲ. ನಮ್ಮಲ್ಲಿ ರಾಯರಿದ್ದರು.

ರಾಯರು ಚಾಮರಾಜಪೇಟೆಯ ಒಂದು ಅಚ್ಚುಕೂಟದಲ್ಲಿ ಪ್ರೂಫ್ ತಿದ್ದುತ್ತಿದ್ದವರು. ಮೊಳೆ ಜೋಡಿಸುವ ಕಾಲ ಮುಗಿದು ಅಚ್ಚುಕೂಟ ಮುಚ್ಚಿದ ಮೇಲೆ ನಮ್ಮಲ್ಲಿಗೆ ಬಂದರು. ಸುದ್ದಿಯ ಕರಡು ತಿದ್ದಲೆಂದೇ ಕರೆದಿದ್ದು. ಓದುಗರ ಮೇಲ್ ನೋಡುವ ಕೆಲಸ ಬೇರೆ ಯಾರಿಗೂ ಬೇಡವಾಗಿತ್ತು, ಅದನ್ನೂ ಅವರ ಮೇಜಿಗೆ ತಳ್ಳಿದರು. ಕಾಗದದ ಮೇಲಿಲ್ಲದ ತಪ್ಪು ಅವರ ಕಣ್ಣಿಗೆ ಬೀಳುತ್ತಿರಲಿಲ್ಲ. ಹಾಗಾಗಿ ಬೆಳಿಗ್ಗೆ ಬಂದವರೇ ರಾತ್ರಿ ಬಂದ ಮೇಲ್‌ಗಳನ್ನೆಲ್ಲ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಕೊಡುತ್ತಿದ್ದರು. ಕರ್ರೋ ಎಂದು ಕಾಗದ ಮಡಿಕೆ ಬಿಚ್ಚಿಕೊಂಡು ಬರುತ್ತಿತ್ತು. ಬಿಸಿಯಾದ ರಿಬ್ಬನ್ನಿನ ಆ ಎಣ್ಣೆ ಬೆರೆತ ಮಸಿವಾಸನೆಗೆ ಕೆಳಗಿನ ದರ್ಶಿನಿಯಿಂದ ಕಾಫಿಯ ವಾಸನೆ ಬಂದು ಸೇರುತ್ತಿತ್ತು. ನನ್ನ ಮಟ್ಟಿಗೆ ಇಂಟರ್ನೆಟ್ಟಿನ ವಾಸನೆ ಅದೇ. ಎಲ್ಲರೂ ಕನ್ನಡವನ್ನು ಇಂಗ್ಲಿಷ್ ಲಿಪಿಯಲ್ಲಿ ಕುಟ್ಟಿ ಕಳಿಸುತ್ತಿದ್ದ ಕಾಲ. ರಾಯರು ಅದನ್ನೂ ಕೆಂಪು ಪೆನ್ನು ಹಿಡಿದೇ ಓದುತ್ತಿದ್ದರು.

ಅಂದಿನ ದೊಡ್ಡ ರೋಗ ಫಾಂಟಿನದು. ಒಂದೊಂದು ತಾಣಕ್ಕೆ ಒಂದೊಂದು ಫಾಂಟು. ಇಂಟರ್ನೆಟ್ ಎಕ್ಸ್‌ಪ್ಲೋರರ್ ಆದರೆ ಪುಟದ ಜೊತೆಗೆ ಫಾಂಟನ್ನೂ ತಾನೇ ಎಳೆದುಕೊಳ್ಳುವಂತೆ ಮಾಡಬಹುದಿತ್ತು. ನೆಟ್‌ಸ್ಕೇಪಿಗೆ ಬೇರೆಯದೇ ವಿಧಾನ. 2000ದಲ್ಲಿ ಬಂದ ಅದರ ಆರನೇ ಆವೃತ್ತಿ ಆ ವಿಧಾನವನ್ನೂ ಕೈಬಿಟ್ಟಿತು. ಫಾಂಟು ಸಿಗದವರಿಗೆ ಕನ್ನಡದ ಜಾಗದಲ್ಲಿ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರ, ಅವುಗಳ ನೆತ್ತಿಯ ಮೇಲೆ ಸೊಟ್ಟ ಕೊಂಬು. ದೂರು ಬಂದರೆ ಪ್ರೋಗ್ರಾಮರ್ ಹುಡುಗರದ್ದು ಒಂದೇ ಉತ್ತರ: "ನಮ್ಮ ಮಷೀನಲ್ಲಿ ಸರಿಯಾಗೇ ಇದೆ ಸಾರ್."

ಒಂದು ದಿನ ಶಿರಸಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರಿಂದ ಇನ್‌ಲ್ಯಾಂಡ್ ಪತ್ರ ಬಂತು. ಸೈಬರ್ ಕೆಫೆಯಲ್ಲಿ ಕೂತು, ಪರದೆಯ ಮೇಲೆ ಕಂಡದ್ದನ್ನು ಪೆನ್ಸಿಲಿನಲ್ಲಿ ಹಾಗೇ ಬರೆದು ಕಳಿಸಿದ್ದರು. ಸ್ಕ್ರೀನ್‌ಶಾಟ್ ಎಂಬುದೊಂದಿದೆ ಎಂದು ಅವರಿಗೆ ಯಾರು ಹೇಳಿದ್ದರು? ಕೊಂಬು ಮೂಡಿದ ಅಕ್ಷರಗಳು, ಗೆರೆಯೆಳೆದ ಲಿಂಕು, ಬಲಗಡೆ ಮೇಲಿನ ಮೂಲೆಯ ಪುಟ್ಟ ಚೌಕದೊಳಗೆ ಇಂಗ್ಲಿಷಿನ ಎನ್ ಅಕ್ಷರ, ಒಂದನ್ನೂ ಬಿಟ್ಟಿರಲಿಲ್ಲ. ರಾಯರು ಪತ್ರವನ್ನು ಹುಡುಗರ ಮುಂದಿಟ್ಟು ಆ ಮೂಲೆಗೆ ಬೆರಳು ತೋರಿಸಿದರು. ಎನ್ ಎಂದರೆ ನೆಟ್‌ಸ್ಕೇಪ್. ಅಲ್ಲಿಗೆ ವಾದ ಮುಗಿಯಿತು.

ಜೋಯೆಲ್ ಸ್ಪೋಲ್ಸ್ಕಿ ಎಂಬ ಅಮೆರಿಕದ ಪ್ರೋಗ್ರಾಮರ್ ಅದೇ 2000ದಲ್ಲಿ, ಒಳ್ಳೆಯ ಬಗ್ ವರದಿಗೆ ಮೂರೇ ಸಂಗತಿ ಸಾಕು ಎಂದು ಬರೆದಿದ್ದ: ಏನೇನು ಮಾಡಿದಿರಿ, ಏನು ಕಾಣಬೇಕಿತ್ತು, ಏನು ಕಂಡಿತು. ಮೇಷ್ಟ್ರ ಪತ್ರದಲ್ಲಿ ಮೂರೂ ಇದ್ದವು. ಕೊನೆಯಲ್ಲಿ ಆಶೀರ್ವಾದವೂ ಇತ್ತು.

ಶುಕ್ರವಾರ ಸಂಜೆ ಬಗ್‌ಗಳ ಪಂಚಾಯಿತಿ. ಬಗ್‌ಗಳ ಲೆಕ್ಕ ಇಡುವ ಬಗ್‌ಜಿಲ್ಲಾ ತಂತ್ರಾಂಶದಲ್ಲಿ ಒಂದೊಂದಕ್ಕೂ ದರ್ಜೆ ಹಾಕಬೇಕು, ಯಾವುದು ತುರ್ತು, ಯಾವುದು ಕಾಯಬಹುದು ಅಂತ. ಅಲ್ಲಿ ರಾಯರು ಮಾಡುತ್ತಿದ್ದ ಚೌಕಾಸಿಯನ್ನು ಕೆ.ಆರ್. ಮಾರ್ಕೆಟ್ಟಿನಲ್ಲೂ ನಾನು ಕಂಡಿಲ್ಲ. "ಇದೊಂದು ಬಿಟ್ಬಿಡಿ ರಾಯರೇ, ಬದಲಿಗೆ ಸರ್ಚ್ ಸರಿ ಮಾಡಿಕೊಡ್ತೀನಿ" ಎನ್ನುತ್ತಿದ್ದ ಹುಡುಗ. "ಎರಡೂ ಬೇಕಪ್ಪ. ವಡೆ ನಾನು ತರಿಸ್ತೀನಿ."

ಅವರ ದೊಡ್ಡ ಚೌಕಾಸಿ ನಡೆದದ್ದು 2006ರ ಏಪ್ರಿಲ್ 12ರಂದು. ರಾಜ್‌ಕುಮಾರ್ ತೀರಿಕೊಂಡ ಸುದ್ದಿ ಬಂದಿತ್ತು, ಊರು ಮುಚ್ಚುತ್ತಿತ್ತು. ಅಷ್ಟು ಹೊತ್ತಿಗೆ ನಾವು ತಾಣಕ್ಕೊಂದು ಫಾಂಟಿನ ಗೋಜು ಬಿಟ್ಟು ಯೂನಿಕೋಡಿಗೆ ಬಂದಿದ್ದೆವು. ಅಮೆರಿಕದಿಂದ, ಕೊಲ್ಲಿಯಿಂದ ಮೇಲ್ ಮೇಲೆ ಮೇಲ್. ಸಂತಾಪ ಇರಬಹುದು ಎಂದುಕೊಂಡರೆ ಎಲ್ಲವೂ ಬೈಗುಳ. ಮುಖಪುಟದಲ್ಲಿ ದಪ್ಪಕ್ಷರದಲ್ಲಿ 'ರಾಜ್ಕುಮಾರ್' ಎಂದಿತ್ತು, 'ಕ' ಹೋಗಿ ಜಕಾರದ ಕೆಳಗೆ ಒತ್ತಾಗಿ ಕೂತಿತ್ತು. ಯೂನಿಕೋಡಿನಲ್ಲಿ ಅರ್ಧ ವ್ಯಂಜನದ ನಂತರ ಇನ್ನೊಂದು ವ್ಯಂಜನ ಬಂದರೆ ಅದು ತಾನಾಗಿ ಒತ್ತಾಗುತ್ತದೆ. ಬೇಡವೆಂದರೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಹಾಕಬೇಕು. ಅದರ ಹೆಸರು ಜೀರೋ ವಿಡ್ತ್ ನಾನ್ ಜಾಯ್ನರ್. ಬೆರಳಚ್ಚು ಮಾಡಿದವರು ಹಾಕಿಯೇ ಹಾಕಿದ್ದರು. ವರ್ಡ್‌ನಿಂದ ಅಂಟಿಸಿದ ಲೇಖನಗಳ ಕಸ ಗುಡಿಸಲೆಂದು ಬರೆದಿದ್ದ ಪ್ರೋಗ್ರಾಮು, ಕಣ್ಣಿಗೆ ಕಾಣದ್ದೆಲ್ಲ ಕಸವೆಂದು ಅದನ್ನೂ ಗುಡಿಸಿ ಹಾಕಿತ್ತು.

ಎರಡು ದಿನ ಬೇಕು ಎಂದ ಹುಡುಗ. ಇವತ್ತೇ ಆಗಬೇಕು ಎಂದರು ರಾಯರು. ಹಾಗಾದರೆ ಸದ್ಯಕ್ಕೆ 'ಡಾ. ರಾಜ್' ಅಂತ ಹಾಕೋಣ ಎಂದ. ರಾಯರು ಕನ್ನಡಕ ತೆಗೆದು ಒರೆಸಿ, "ತಲೆಬರಹಕ್ಕೆ 'ಅಣ್ಣಾವ್ರು' ಅಂತ ಹಾಕು, ಯಾರೂ ಬೈಯಲ್ಲ. ಒಳಗಿನ ಹೆಸರು ಮಾತ್ರ ನೀನು ಮನೆಗೆ ಹೋಗೋದ್ರೊಳಗೆ ನೆಟ್ಟಗಾಗಬೇಕು" ಅಂದರು. ಹೊರಗೆ ಬಸ್ಸಿಲ್ಲ, ಆಟೋ ಇಲ್ಲ. ಹುಡುಗ ಮನೆಗೆ ಹೋಗುವ ಹಾಗೇ ಇರಲಿಲ್ಲ. ಸರಿಯಾಯಿತು.

ಹಾಗಂತ ಅದು ಸುವರ್ಣಯುಗವಲ್ಲ. ಬಂದ ದೂರಿನಲ್ಲಿ ಬಗೆಹರಿಯದೆ ಉಳಿದದ್ದೇ ಜಾಸ್ತಿ. ಬರೆಯುತ್ತಿದ್ದವರು ಕಂಪ್ಯೂಟರ್ ಕೈಗೆಟುಕಿದ ನಾಲ್ಕು ಜನ, ಹೆಚ್ಚಿನವರು ಗಂಡಸರು. ಫಾಂಟಿನ ಕಾಲದ ಆ ಪುಟಗಳನ್ನು ಅಂಧರ ಸ್ಕ್ರೀನ್ ರೀಡರ್ ಕನ್ನಡವಾಗಿ ಓದುವಂತೆಯೇ ಇರಲಿಲ್ಲ, ಅದಕ್ಕೆ ಸಿಗುತ್ತಿದ್ದದ್ದು ಅದೇ ಕೊಂಬಿನ ಇಂಗ್ಲಿಷು. ಅವರಿಂದ ಒಂದು ದೂರೂ ಬರಲಿಲ್ಲ, ದೂರು ಕೊಡುವ ಪುಟಕ್ಕೂ ಅದೇ ಫಾಂಟು ತಾನೆ! ದೂರಿಲ್ಲ ಎಂದರೆ ಸಂತೋಷ ಎಂದು ಮಾಲೀಕರು ಲೆಕ್ಕ ಹಾಕಿಕೊಂಡರು. ಈಗ ಮೂಲೆಯ ಹಳ್ಳಿಯಲ್ಲಿ ಯಾರದೋ ಫೋನಿನಲ್ಲಿ ಆಪ್ ಮುಗ್ಗರಿಸಿದರೆ, ಅವರು ಬಾಯಿ ಬಿಡುವ ಮೊದಲೇ ಕಂಪನಿಗೆ ವರದಿ ತಲುಪುತ್ತದೆ, ಯಾವ ಫೋನು, ಯಾವ ಆವೃತ್ತಿ, ಕೋಡಿನ ಯಾವ ಸಾಲು ಎಂಬುದರ ಸಮೇತ. ಅದು ರಾಯರ ಕೈಲಿ ಆಗುತ್ತಿರಲಿಲ್ಲ, ಒಪ್ಪುತ್ತೇನೆ.

ಆದರೆ 'ರಾಜ್ಕುಮಾರ್' ಎಂದು ತೋರಿಸಿದ ಪುಟ ಮುಗ್ಗರಿಸಿರಲಿಲ್ಲವಲ್ಲ! ಯಂತ್ರದ ಲೆಕ್ಕದಲ್ಲಿ ಎಲ್ಲ ಸರಿಯಾಗಿತ್ತು.

ತಂಗಿಯ ಮಗ ಲ್ಯಾಪ್‌ಟಾಪ್ ತೆರೆದು ಡ್ಯಾಶ್‌ಬೋರ್ಡ್ ತೋರಿಸಿದ. ಹಸಿರು ಗೆರೆ, ಕೆಂಪು ಗೆರೆ. ನಕ್ಷತ್ರ ಕೇಳುವ ಕಿಟಕಿಯಲ್ಲಿ ಐದು ಒತ್ತಿದವರನ್ನು ನೇರ ಆಪ್ ಸ್ಟೋರಿಗೆ ಕಳಿಸುತ್ತಾರಂತೆ. ಎರಡು ಒತ್ತಿದವರಿಗೆ ಒಂದು ಫಾರ್ಮ್ ಕೊಟ್ಟು ಅಲ್ಲೇ ಕೂರಿಸುತ್ತಾರಂತೆ. ಆ ಫಾರ್ಮಿನಲ್ಲಿ ಕನ್ನಡದಲ್ಲಿ ಬರೆದದ್ದನ್ನು ಯಾರು ಓದುತ್ತಾರೆ ಎಂದು ಕೇಳಿದೆ. ಮೊದಲು ಯಂತ್ರ ಇಂಗ್ಲಿಷಿಗೆ ತಿರುಗಿಸುತ್ತದೆ, ಆಮೇಲೆ ಇನ್ನೊಂದು ಯಂತ್ರ ಅದು ಸಿಟ್ಟೋ ಸಂತೋಷವೋ ಎಂದು ವಿಂಗಡಿಸುತ್ತದೆ ಎಂದ. ಹಲವು ದಿನ ಯಾರೂ ಕೈ ಹಾಕದ ದೂರನ್ನು ತಾನೇ ಮುಚ್ಚಿಹಾಕುವ ಬಾಟ್ ಕೂಡ ಇದೆಯಂತೆ. ಕೈ ಹಾಕದಿದ್ದದ್ದು ಕಂಪನಿಯವರು, ದೂರು ಮುಚ್ಚಿಹೋಗುವುದು ಬರೆದವನದು. ಇದನ್ನು ದಕ್ಷತೆ ಎನ್ನುತ್ತಾರೆ. ನನ್ನ ಪ್ರಕಾರ ಇದು ಶುದ್ಧ ಉಡಾಫೆ.

ಕನ್ನಡದಲ್ಲಿ ತಾಣವನ್ನೋ ಆಪನ್ನೋ ನಡೆಸುವವರಲ್ಲಿ ಒಂದೇ ಕೋರಿಕೆ. ನಕ್ಷತ್ರ ಬೇಕಾದಷ್ಟು ಎಣಿಸಿಕೊಳ್ಳಿ. ಪುಟದ ಕೆಳಗೆ ಒಂದು ಮೇಲ್ ವಿಳಾಸವನ್ನೂ ಹಾಕಿ, ಅಲ್ಲಿಗೆ ಬಂದದ್ದನ್ನು ಕೊನೆಯ ಸಾಲಿನವರೆಗೂ ಓದಲು ಕನ್ನಡ ಬಲ್ಲ ಒಬ್ಬರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳಿ.