ಕೈಗೆಟಕುವ ಪುಸ್ತಕ



ವಚನಗಳು ಉಳಿದುಬಂದದ್ದು ಹೆಚ್ಚಾಗಿ ತಾಳೆಗರಿಯ ಕಟ್ಟುಗಳಲ್ಲಿ. ಗರಿಯ ಉದ್ದ ಹೆಚ್ಚು, ಅಗಲ ಎರಡು-ಮೂರು ಬೆರಳಷ್ಟೇ. ಕಟ್ಟಿ ಒಯ್ಯಲು ತಕ್ಕ ಅಳತೆ. ವ್ಯಾಪಾರದ ಲೆಕ್ಕಕ್ಕೆ ಕಡತವಿತ್ತು: ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದ ಬಟ್ಟೆಯ ಮಡಿಕೆ, ಬಳಪದಿಂದ ಬರೆದು, ಒರೆಸಿ, ಮತ್ತೆ ಬರೆಯುವಂಥದು. ಅಂಥ ಗರಿಗಳನ್ನು ಊರೂರು ಅಲೆದು ಕೂಡಿಸಿದ ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು.

ಬಳಕೆಗೆ ತಕ್ಕ ಅಳತೆ ಎಂಬ ಈ ವಿವೇಕ ಸಂಗೊಳ್ಳಿಯ ಯುವ ಭಕ್ತರೊಬ್ಬರಿಗೆ ತಡವಾಗಿ ತಿಳಿಯಿತು. ಲಿಂಗಪೂಜೆಯ ತರುವಾಯ ಅಜ್ಜಿ ಹೇಳುತ್ತಿದ್ದ ವಚನಗಳನ್ನು, ಅವರೇ ಬಿಡಿಸುತ್ತಿದ್ದ ಅರ್ಥದೊಡನೆ ಬರೆದಿಡಲೆಂದು ಅವರು ಬೈಲಹೊಂಗಲದಿಂದ ರಟ್ಟಿನ ದೊಡ್ಡ ಪುಸ್ತಕ ತಂದರು. ಅದರ ಘನತೆಗೆ ತಕ್ಕ ಅಕ್ಷರ, ಬಿಡುವು, ಒಳ್ಳೆಯ ದಿನ ಬೇಕೆನಿಸಿ ಬರವಣಿಗೆ ಒಂದು ಪುಟದಾಚೆ ಸಾಗಲಿಲ್ಲ. ಅಷ್ಟರಲ್ಲಿ ಅಜ್ಜಿ ಲಿಂಗೈಕ್ಯರಾದರು.

ಅವರ ಸಂಚಿಯಲ್ಲಿ ಅಂಗೈಯಗಲದ ಹಾಲಿನ ಲೆಕ್ಕದ ಪುಸ್ತಕ ಸಿಕ್ಕಿತು. ಲೀಟರುಗಳ ನಡುವೆ 41 ವಚನಗಳ ಮೊದಲ ಪದಗಳು, ಓರೆಕೋರೆ ಅಕ್ಷರದಲ್ಲಿ. ವಚನಗಳು ಅಚ್ಚಿನ ಸಂಪುಟಗಳಲ್ಲಿ ದೊರೆತವು. ಅಜ್ಜಿಯ ಅರ್ಥ ದೊರೆಯಲಿಲ್ಲ.

ಈಗ ಮೊಮ್ಮಗನ ಹೊಲದ ಲೆಕ್ಕ ಅಗಲ ಹಾಳೆಯ ಖಾತೆಪುಸ್ತಕದಲ್ಲಿದೆ. ಕೇಳಿದ ಮಾತು ಕೇಳಿದ ಕ್ಷಣವೇ ಕಿಸೆಯ ಪುಸ್ತಕಕ್ಕೆ ಇಳಿಯುತ್ತದೆ. ಅಜ್ಜಿಯ ಓರಗೆಯವರಿಂದ ಹೀಗೆ ಸಂಗ್ರಹಿಸಿ ತಿದ್ದಿದ ಅರ್ಥವಷ್ಟೇ ದೊಡ್ಡ ಪುಸ್ತಕವನ್ನು ಸೇರುತ್ತಿದೆ.

ಇಷ್ಟಲಿಂಗವೂ ಅಂಗೈಗೆ ಒಪ್ಪುವ ಅಳತೆಯದೇ. ಘನವಾದುದು ಕರಸ್ಥಲಕ್ಕೆ ಬರಬೇಕೆಂಬುದೇ ಶರಣರ ದಾರಿ.