ಗಾಳಿ ನಿಂತಾಗ ಕಾಣುವ ನದಿ

ಅಮೆರಿಕದ ವಾಯವ್ಯ ಮೂಲೆಯಲ್ಲಿ ಆರೆಗಾನ್ ಮತ್ತು ವಾಷಿಂಗ್ಟನ್ ರಾಜ್ಯಗಳಿಗೆ ಗಡಿಯಾಗಿ ಹರಿಯುತ್ತದೆ ಕೊಲಂಬಿಯಾ ನದಿ. ಅದರ ದಕ್ಷಿಣ ದಡದಲ್ಲಿ, ಪೋರ್ಟ್‌ಲೆಂಡ್ ನಗರದಿಂದ ಪೂರ್ವಕ್ಕೆ ಸುಮಾರು ನೂರು ಕಿಲೋಮೀಟರ್ ದೂರದಲ್ಲಿ ಹುಡ್ ರಿವರ್ ಎಂಬ ಪುಟ್ಟ ಊರಿದೆ. ಹಿಂದೆ ಮರ ಕೊಯ್ಯುವ ಮಿಲ್ಲುಗಳನ್ನೂ ಸೇಬು, ಪೇರ್ ಹಣ್ಣಿನ ತೋಟಗಳನ್ನೂ ನಂಬಿ ಬದುಕಿದ್ದ ಈ ಊರು 1980ರ ದಶಕದಿಂದೀಚೆಗೆ ಇನ್ನೊಂದು ಬೆಳೆಯನ್ನೂ ಕಂಡುಕೊಂಡಿದೆ. ಆ ಬೆಳೆಯ ಹೆಸರು ಗಾಳಿ.

ಬೇಸಿಗೆಯ ತಿಂಗಳುಗಳಲ್ಲಿ ವಿಂಡ್‌ಸರ್ಫಿಂಗ್ ಆಟಗಾರರು ದೇಶವಿದೇಶಗಳಿಂದ ಇಲ್ಲಿಗೆ ಬಂದಿಳಿಯುತ್ತಾರೆ. ಒಂದು ಹಲಗೆ, ಅದರ ಮೇಲೆ ಎತ್ತ ಬೇಕಾದರೂ ಬಾಗುವ ಕೀಲಿನಿಂದ ನಿಲ್ಲಿಸಿದ ಕಂಬ, ಕಂಬಕ್ಕೊಂದು ಹಾಯಿ, ಹಾಯಿಗೊಂದು ಅಡ್ಡ ಹಿಡಿ - ಸಲಕರಣೆ ಇಷ್ಟೆ. ಹಲಗೆಯ ಮೇಲೆ ನಿಂತು, ಹಿಡಿಯನ್ನು ಹಿಡಿದು, ಮೈಯನ್ನೇ ಹಿಂದಕ್ಕೆ ವಾಲಿಸಿ ಗಾಳಿಯ ಸೆಳೆತವನ್ನು ತೂಗಿಸಬೇಕು. ಕ್ಯಾಲಿಫೋರ್ನಿಯಾದಲ್ಲಿ 1960ರ ದಶಕದ ಕೊನೆಯಲ್ಲಿ ರೂಪುಗೊಂಡ ಈ ಆಟ 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಸ್ಪರ್ಧೆಯಾಗಿ ಸೇರಿತು. ಈಗ ಗಾಳಿಪಟ ಹಿಡಿದು ನೀರಿನ ಮೇಲೆ ಜಾರುವವರೂ ಇವರ ಜೊತೆಗೂಡಿದ್ದಾರೆ.

ಇಷ್ಟು ಜನರನ್ನು ಸೆಳೆಯುವ ಗಾಳಿ ಇಲ್ಲೇ ಏಕೆ? ಉತ್ತರ ಭೂಗೋಳದಲ್ಲಿದೆ. ಕ್ಯಾಸ್ಕೇಡ್ ಪರ್ವತಶ್ರೇಣಿ ಉತ್ತರದಿಂದ ದಕ್ಷಿಣಕ್ಕೆ ಗೋಡೆಯಂತೆ ನಿಂತಿದೆ. ಅದರ ಪೂರ್ವಕ್ಕೆ ಒಣ ಬಯಲು, ಪಶ್ಚಿಮಕ್ಕೆ ಪೆಸಿಫಿಕ್ ಸಾಗರದ ತಂಪು. ಬೇಸಿಗೆಯ ಬಿಸಿಲಿಗೆ ಬಯಲು ಕಾದಾಗ ಅಲ್ಲಿನ ಗಾಳಿ ಹಗುರಾಗಿ ಮೇಲೇರುತ್ತದೆ, ಒತ್ತಡ ತಗ್ಗುತ್ತದೆ. ಸಾಗರದ ಕಡೆಯ ತಣ್ಣನೆಯ, ಭಾರವಾದ ಗಾಳಿ ಆ ಜಾಗ ತುಂಬಲು ಹೊರಡುತ್ತದೆ. ಆದರೆ ಗೋಡೆ ಅಡ್ಡ! ಇಡೀ ಗೋಡೆಯಲ್ಲಿ ಹೆಚ್ಚುಕಡಿಮೆ ಸಮುದ್ರಮಟ್ಟದಲ್ಲೇ ಇರುವ ಸಂದು ಎಂದರೆ ಕೊಲಂಬಿಯಾ ನದಿ ಕೊರೆದ ಕಣಿವೆ ಮಾತ್ರ. ಸುಮಾರು 130 ಕಿಲೋಮೀಟರ್ ಉದ್ದದ, ಕೆಲವೆಡೆ 1,200 ಮೀಟರ್‌ವರೆಗೂ ಆಳವಿರುವ ಈ ಸಂದಿನಲ್ಲಿ ಗಾಳಿ ನುಗ್ಗಿ ಬರುತ್ತದೆ. ನದಿ ಪಶ್ಚಿಮಕ್ಕೆ ಹರಿಯುತ್ತದೆ, ಗಾಳಿ ಪೂರ್ವಕ್ಕೆ ಬೀಸುತ್ತದೆ. ಎದುರುಬದುರಾದ ಈ ಎರಡರ ತಿಕ್ಕಾಟದಲ್ಲಿ ಅಲೆಗಳು ಕಡಿದಾಗಿ ಏಳುತ್ತವೆ. ಆಟಗಾರರಿಗೆ ಬೇಕಾದದ್ದೂ ಅದೇ.

ವ್ಯತ್ಯಾಸದಿಂದ ಹುಟ್ಟಿದ ಗಾಳಿ ವ್ಯತ್ಯಾಸ ಅಳಿದರೆ ಸಾಯುತ್ತದೆ. ಬಿಸಿಲಿನ ಅಲೆ ಬಂದು ಪರ್ವತದ ಎರಡೂ ಕಡೆ ಒಂದೇ ಸಮನೆ ಕಾದರೆ ಗಾಳಿಯಿಲ್ಲ. ಸಾಗರದ ತಂಪು ಒಳನಾಡನ್ನೂ ತುಂಬಿ ತಣ್ಣಗಾಗಿಸಿದರೂ ಇಲ್ಲ. ಅದಕ್ಕೇ ಇಲ್ಲಿನ ಅನುಭವಸ್ಥರು ಬೆಳಿಗ್ಗೆ ಎದ್ದೊಡನೆ ಮರಗಳ ತುದಿ ನೋಡುತ್ತಾರೆ. ಆಮೇಲೆ ಪಶ್ಚಿಮದ ಪೋರ್ಟ್‌ಲೆಂಡಿಗೂ ಪೂರ್ವದ ದಿ ಡ್ಯಾಲ್ಸ್ ಪಟ್ಟಣಕ್ಕೂ ನಡುವೆ ವಾಯುಭಾರದ ಅಂತರ ಎಷ್ಟಿದೆ ಎಂದು ವಿಚಾರಿಸುತ್ತಾರೆ. ಅಂತರ ಸೊನ್ನೆಯ ಹತ್ತಿರವಿದ್ದರೆ ಆ ದಿನ ರಜ.

ರಜದ ದಿನ ಮಾಡುವುದೇನು? ಮೊದಲ ಕೆಲಸ ರಿಪೇರಿ. ಹರಿದ ಹಾಯಿಗೆ ತೇಪೆ ಬೀಳುತ್ತದೆ, ಹಲಗೆಯ ಬಿರುಕು ಮುಚ್ಚುತ್ತದೆ, ಸವೆದ ಹಗ್ಗ ಬದಲಾಗುತ್ತದೆ. ಸುಮ್ಮನಿರಲಾರದವರು ಬಿರುಗಾಳಿಯಲ್ಲಿ ಬಳಸುವ ನಾಲ್ಕೈದು ಚದರ ಮೀಟರಿನ ಹಾಯಿಯನ್ನು ಬದಿಗಿಟ್ಟು, ಅದರ ಸುಮಾರು ಎರಡರಷ್ಟು ದೊಡ್ಡದನ್ನು ಏರಿಸಿ ಇದ್ದಷ್ಟು ಗಾಳಿಯಲ್ಲೇ ತೇಲುತ್ತಾರೆ. ಹಾಯಿ ತಿರುಗಿಸುವ ಚಮತ್ಕಾರಗಳನ್ನು ಕಲಿಯುವುದಕ್ಕೆ ಮಂದಗಾಳಿಯೇ ಒಳ್ಳೆಯ ಗುರು. ಅವಸರದ ಗಾಳಿ ತಪ್ಪನ್ನು ಮುಚ್ಚಿಹಾಕುತ್ತದೆ. ಹೊಸಬರು ‘ಹುಕ್’ ಎಂಬ ಮರೆಯ ಕೊಲ್ಲಿಯಲ್ಲಿ ಹಲಗೆಯ ಮೇಲೆ ನಿಲ್ಲುವುದನ್ನು ಕಲಿಯುತ್ತಾರೆ. ಕೆಲವರು ಹುಟ್ಟು ಹಿಡಿದು ಹೊರಟರೆ, ಕೆಲವರು ಸೈಕಲ್ ಏರಿ ಮೋಸಿಯರ್‌ನ ಹಳೆಯ ಹೆದ್ದಾರಿಯ ಜೋಡಿ ಸುರಂಗಗಳತ್ತ ಸಾಗುತ್ತಾರೆ. ಎದುರಿಗೆ 3,400 ಮೀಟರಿಗೂ ಮಿಕ್ಕಿದ ಮೌಂಟ್ ಹುಡ್ ಜ್ವಾಲಾಮುಖಿ ಹಿಮದ ಟೋಪಿ ಹಾಕಿಕೊಂಡು ನಿಂತಿರುತ್ತದೆ. ಅದರ ಬುಡದ ತೋಟಗಳಲ್ಲಿ ಚೆರ್ರಿ ಹಣ್ಣು ಕೊಳ್ಳುವುದೂ ದಿನ ಕಳೆಯುವ ಒಂದು ದಾರಿ.

ಆದರೆ ಗಾಳಿಯಿಲ್ಲದ ದಿನದ ನಿಜವಾದ ಲಾಭ ಬೇರೆ. ಗಾಳಿಯಿದ್ದಾಗ ಆಟಗಾರನಿಗೆ ಕಾಣುವುದು ಮುಂದಿನ ಅಲೆ ಮಾತ್ರ. ಗಾಳಿ ನಿಂತಾಗ ನದಿ ಕಾಣುತ್ತದೆ.

ಎದುರು ದಡದಲ್ಲಿ ‘ಹ್ಯಾಚರಿ’ ಎಂಬ ಜಾಗವಿದೆ. ವಿಂಡ್‌ಸರ್ಫಿಂಗ್ ಲೋಕದಲ್ಲಿ ಬಲು ಪ್ರಸಿದ್ಧ ಹೆಸರು. ಆದರೆ ಆ ಹೆಸರು ಬಂದದ್ದು ಪಕ್ಕದ ಸ್ಪ್ರಿಂಗ್ ಕ್ರೀಕ್ ಮೀನುಮರಿ ಕೇಂದ್ರದಿಂದ. ಅಲ್ಲಿ ಸಾಲ್ಮನ್ ಮೀನಿನ ಮೊಟ್ಟೆ ಒಡೆಸಿ, ಮರಿ ಬೆಳೆಸಿ ನದಿಗೆ ಬಿಡುತ್ತಾರೆ. ಸಾಲ್ಮನ್ ಸಿಹಿನೀರಿನಲ್ಲಿ ಹುಟ್ಟಿ, ಸಾಗರಕ್ಕೆ ಹೋಗಿ ಬೆಳೆದು, ಮೊಟ್ಟೆಯಿಡಲು ತನ್ನ ಹುಟ್ಟೂರಿನ ಹೊಳೆಗೇ ಹಿಂತಿರುಗುವ ಮೀನು. ಅದಕ್ಕೆ ಮನುಷ್ಯನ ನೆರವು ಬೇಕಾದದ್ದೇಕೆ?

ಕಾರಣ ತಿಳಿಯಲು ಪಶ್ಚಿಮಕ್ಕೆ ಮೂವತ್ತೈದು ಕಿಲೋಮೀಟರ್ ಹೋದರೆ ಸಾಕು. ಅಲ್ಲಿದೆ ಬಾನ್ವಿಲ್ ಅಣೆಕಟ್ಟು. ಅಧ್ಯಕ್ಷ ಫ್ರಾಂಕ್ಲಿನ್ ರೂಸ್ವೆಲ್ಟ್ 1937ರಲ್ಲಿ ಇದನ್ನು ರಾಷ್ಟ್ರಕ್ಕೆ ಸಮರ್ಪಿಸಿದರು. ವಿದ್ಯುತ್ ಬಂತು, ಹಡಗುಗಳಿಗೆ ದಾರಿಯಾಯಿತು, ಹಳೆಯ ರಭಸದ ಇಳಿಜಾರುಗಳು ಮುಳುಗಿದವು. ಹುಡ್ ರಿವರ್ ಮುಂದೆ ಹರಡಿಕೊಂಡಿರುವ ಅಗಲವಾದ ನೀರು ಇದರದೇ ಹಿನ್ನೀರು. ಮೀನುಗಳು ಹತ್ತಿಹೋಗಲೆಂದು ಇಲ್ಲಿ ಮೆಟ್ಟಿಲುಗಳಂಥ ಕಾಲುವೆಗಳಿವೆ. ಗಾಜಿನ ಕಿಟಕಿಯಾಚೆ ಸಾಲ್ಮನ್‌ಗಳು ಪ್ರವಾಹಕ್ಕೆದುರಾಗಿ ಈಜುವುದನ್ನು ಯಾರು ಬೇಕಾದರೂ ನೋಡಬಹುದು. ಹಾದುಹೋಗುವ ಮೀನುಗಳನ್ನು ಎಣಿಸಿ ಲೆಕ್ಕ ಇಡುವುದೇ ಅಲ್ಲಿ ಕೆಲವರ ಉದ್ಯೋಗ.

ಇನ್ನು ಪೂರ್ವಕ್ಕೆ ಹೊರಟರೆ ದಿ ಡ್ಯಾಲ್ಸ್ ದಾಟಿದ ಮೇಲೆ ಸಿಗುವುದು ಸಿಲೈಲೊ. ಈಗ ಅಲ್ಲಿ ಒಂದು ಚಿಕ್ಕ ಹಳ್ಳಿ, ಒಂದು ಉದ್ಯಾನ, ಎದುರಿಗೆ ಕೆರೆಯಂತೆ ಮಲಗಿದ ನೀರು. ಒಮ್ಮೆ ಅಲ್ಲಿ ಜಲಪಾತವಿತ್ತು. ಮೂಲನಿವಾಸಿ ಇಂಡಿಯನ್ನರು ಸಾವಿರಾರು ವರ್ಷಗಳಿಂದ ಬಂಡೆಗಳಿಗೆ ಮರದ ಅಟ್ಟಣಿಗೆ ಕಟ್ಟಿ, ಉದ್ದ ಕೋಲಿನ ಬಲೆ ಇಳಿಬಿಟ್ಟು ಸಾಲ್ಮನ್ ಹಿಡಿಯುತ್ತಿದ್ದರು. ದೂರದೂರದ ಬುಡಕಟ್ಟುಗಳು ಒಣಮೀನಿನ ವ್ಯಾಪಾರಕ್ಕೆ ಇಲ್ಲಿ ಸೇರುತ್ತಿದ್ದವು. ತಮ್ಮ ಭೂಮಿಯ ಬಹುಭಾಗವನ್ನು ಬಿಟ್ಟುಕೊಟ್ಟ 1855ರ ಒಪ್ಪಂದಗಳಲ್ಲೂ ವಾಡಿಕೆಯ ಜಾಗಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಅವರು ಉಳಿಸಿಕೊಂಡಿದ್ದರು. ಆದರೆ 1957ರ ಮಾರ್ಚ್ 10ರಂದು ದಿ ಡ್ಯಾಲ್ಸ್ ಅಣೆಕಟ್ಟಿನ ಬಾಗಿಲುಗಳು ಮುಚ್ಚಿದವು. ಕೆಲವೇ ಗಂಟೆಗಳಲ್ಲಿ ಜಲಪಾತ ಮುಳುಗಿತು. ದಡದಲ್ಲಿ ನಿಂತು ನೋಡುತ್ತಿದ್ದವರ ಕಿವಿಯಲ್ಲಿ ಹುಟ್ಟಿದಾಗಿನಿಂದ ತುಂಬಿದ್ದ ಭೋರ್ಗರೆತ ನಿಂತುಹೋಯಿತು. ಹಕ್ಕು ಕಾಗದದಲ್ಲಿ ಉಳಿಯಿತು, ಜಾಗ ನೀರಿನಡಿ ಸೇರಿತು. 2008ರಲ್ಲಿ ಶಬ್ದತರಂಗಗಳನ್ನು ಬಳಸಿ ನದಿಯ ತಳವನ್ನು ಅಳೆದಾಗ ಹಳೆಯ ಬಂಡೆಗಳು ಹಾಗೆಯೇ ಇರುವುದು ಕಂಡಿತು.

ಉತ್ತರ ದಡದ ಕೊಲಂಬಿಯಾ ಹಿಲ್ಸ್ ಉದ್ಯಾನದಲ್ಲಿ ಬಂಡೆಯ ಮೇಲೆ ಕೊರೆದ ದೊಡ್ಡ ಕಣ್ಣುಗಳ ಮುಖವೊಂದಿದೆ. ಹೆಸರು ತ್ಸಗಗ್ಲಲಾಲ್, ಎಂದರೆ ‘ನೋಡುತ್ತಿರುವವಳು’. ತನ್ನ ಜನರನ್ನು ಸದಾ ಕಾಯಲೆಂದು ಕಲ್ಲಾಗಿ ನಿಂತ ಒಡತಿ ಅವಳೆಂದು ಇಂಡಿಯನ್ನರ ಕತೆ ಹೇಳುತ್ತದೆ. ಮಾರ್ಗದರ್ಶಕರ ಜೊತೆಯಲ್ಲಿ ಮಾತ್ರ ಅವಳ ಬಳಿಗೆ ಪ್ರವೇಶ. ಮುಳುಗಡೆಗೆ ಮುನ್ನ ಎತ್ತಿ ತಂದ ಇತರ ಚಿತ್ರಶಿಲೆಗಳನ್ನೂ ಅದೇ ಉದ್ಯಾನದಲ್ಲಿ ಸಾಲಾಗಿ ಇಟ್ಟಿದ್ದಾರೆ.

ಕಳೆದದ್ದೆಲ್ಲ ಮರಳದು ಎಂದೇನಿಲ್ಲ. ಹುಡ್ ರಿವರ್‌ಗೆ ಎದುರಾಗಿ ಕೊಲಂಬಿಯಾವನ್ನು ಸೇರುವ ವೈಟ್ ಸಾಲ್ಮನ್ ಎಂಬ ಉಪನದಿಗೆ 1913ರಲ್ಲಿ ಕಾಂಡಿಟ್ ಎಂಬ ಅಣೆಕಟ್ಟು ಕಟ್ಟಿದ್ದರು. ಮೀನಿನ ದಾರಿ ಸುಮಾರು ನೂರು ವರ್ಷ ಮುಚ್ಚಿಹೋಗಿತ್ತು. 2011ರ ಅಕ್ಟೋಬರ್‌ನಲ್ಲಿ ಅದರ ಬುಡ ಸಿಡಿಸಿ ನೀರನ್ನು ಹರಿಯಬಿಟ್ಟರು. ಸಾಲ್ಮನ್‌ಗಳು ಮತ್ತೆ ಮೇಲೇರಿ ಬಂದವು. ಈಗ ಗಾಳಿಯಿಲ್ಲದ ದಿನ ಆ ಹೊಳೆಯಲ್ಲಿ ರಬ್ಬರ್ ದೋಣಿಯೇರಿ ಜಾರುವವರು, ಒಂದು ಕಾಲಕ್ಕೆ ಗೋಡೆಯಿದ್ದ ಜಾಗವನ್ನು ದಾಟಿ ಹೋಗುತ್ತಾರೆ.

ಸಂಜೆ ಹಿಂತಿರುಗುವಾಗ ಕ್ಯಾಸ್ಕೇಡ್ ಲಾಕ್ಸ್ ಊರಿನ ಸೇತುವೆಯ ಬಳಿ ಇಂಡಿಯನ್ ಕುಟುಂಬಗಳು ಆಯಾ ಋತುವಿನಲ್ಲಿ ಅಂದು ಹಿಡಿದ ಮೀನನ್ನು ಮಾರುತ್ತಿರುತ್ತವೆ. ಆಟಗಾರರು ಕೊಂಡು, ಸುಟ್ಟು ತಿಂದು, ಮಲಗುವ ಮುನ್ನ ಇನ್ನೊಮ್ಮೆ ವಾಯುಭಾರದ ಅಂಕಿ ನೋಡುತ್ತಾರೆ. ನಾಳೆ ಬಯಲು ಕಾದರೆ ಗಾಳಿ ಬರುತ್ತದೆ, ಹಾಯಿಗಳು ಏಳುತ್ತವೆ. ಅವುಗಳ ಕೆಳಗೆ ಮೀನುಗಳು ಗಾಳಿಯ ಗೊಡವೆಯಿಲ್ಲದೆ ಮೆಟ್ಟಿಲು ಹುಡುಕುತ್ತ ಪೂರ್ವಕ್ಕೆ ಸಾಗುತ್ತಿರುತ್ತವೆ.